ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ವೆನಿಸ್ ನೋಡುವುದು ಹೇಗೆ

ವೆನಿಸ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ, ಅದು ಹನಿಮೂನ್‌ಗೆ ಹೋಗುವ ಊರು, ಎಲ್ಲಿ ನೋಡಿದರೂ ನೀರು, ಎಲ್ಲಿ ನೋಡಿದರೂ ಮೆಟ್ಟಿಲು ಅಂತ ಹೆದರಿಸುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನಂತೂ ಇದನ್ನು ಒಪ್ಪುವುದಿಲ್ಲ. ನೀರೂ ನಿಜ, ಮೆಟ್ಟಿಲೂ ನಿಜ. ಆದರೆ ಆ ಊರಿನ ಒಳಗೆ ಕಾರಿಲ್ಲ, ಬೈಕಿಲ್ಲ, ಆಟೋ ಇಲ್ಲ, ಸೈಕಲ್ ಓಡಿಸುವ ಹಾಗೂ ಇಲ್ಲ. ಮೂರು ವರ್ಷದ ಮಗು ಕೈ ಬಿಡಿಸಿಕೊಂಡು ಬಯಲಿನ ಮಧ್ಯೆ ಓಡಿದರೆ ಹಿಂದಿನಿಂದ ಯಾವ ಗಾಡಿ ಬರುತ್ತದೋ ಅನ್ನುವ ಭಯ ಇಲ್ಲ. ಇನ್ನು ಮಕ್ಕಳ ಕಣ್ಣಿನಿಂದ ನೋಡಿ: ಕಸ ಒಯ್ಯುವುದು ದೋಣಿ, ಆಂಬುಲೆನ್ಸ್ ಅಂದರೆ ದೋಣಿ, ಪೊಲೀಸರು ಬರುವುದು ದೋಣಿಯಲ್ಲಿ, ಬೆಂಕಿ ಆರಿಸುವವರದ್ದು ಕೆಂಪು ದೋಣಿ, ತರಕಾರಿ ಬರುವುದೂ ಹೊಸ ಫ್ರಿಜ್ ಬರುವುದೂ ದೋಣಿಯಲ್ಲೇ. ದುಡ್ಡು ಕೊಟ್ಟು ಬೇರೆ ಥೀಮ್ ಪಾರ್ಕ್ ಯಾಕೆ ಬೇಕು?

ಒಂದೇ ಷರತ್ತು. ದೊಡ್ಡವರ ಪಟ್ಟಿ ಹಿಡಿದುಕೊಂಡು ಹೋಗಬಾರದು. ಚರ್ಚು, ಅರಮನೆ, ಮ್ಯೂಸಿಯಂ, ಮತ್ತೊಂದು ಚರ್ಚು ಅಂತ ಒಂದೇ ದಿನಕ್ಕೆ ತುರುಕಿದರೆ ಮಧ್ಯಾಹ್ನದ ಹೊತ್ತಿಗೆ ಮಗು ರಚ್ಚೆ ಹಿಡಿದಿರುತ್ತದೆ, ನಿಮಗೂ ಸಾಕಾಗಿರುತ್ತದೆ. ದಿನಕ್ಕೆ ಒಂದು ದೊಡ್ಡ ಜಾಗ, ಒಂದು ದೋಣಿ ಓಡಾಟ, ಒಂದು ಆಟದ ಬಯಲು. ಇಷ್ಟಿಟ್ಟುಕೊಂಡು ಕನಿಷ್ಠ ಮೂರು ರಾತ್ರಿ ಉಳಿಯಿರಿ. ಬೇರೆ ಊರಿಂದ ಬೆಳಿಗ್ಗೆ ಬಂದು ಸಂಜೆ ಓಡುವುದು ಮಕ್ಕಳಿರುವವರಿಗೆ ಹೇಳಿದ್ದಲ್ಲ.

ಯಾವಾಗ ಹೋಗಬೇಕು

ನಮ್ಮ ಶಾಲೆಗಳ ರಜೆ ಏಪ್ರಿಲ್–ಮೇನಲ್ಲಿ, ಆಮೇಲೆ ದಸರಾಕ್ಕೆ. ಎರಡೂ ವೆನಿಸ್‌ಗೆ ಒಳ್ಳೆಯ ಕಾಲವೇ. ಏಪ್ರಿಲ್–ಮೇನಲ್ಲಿ ಹಗಲು ಹಿತವಾಗಿರುತ್ತದೆ, ಬೆಳಿಗ್ಗೆ ಮತ್ತು ರಾತ್ರಿ ಮಕ್ಕಳಿಗೆ ಒಂದು ಸ್ವೆಟರ್ ಬೇಕು. ಈಸ್ಟರ್ ವಾರ ಮಾತ್ರ ತಪ್ಪಿಸಿ, ಕಾಲಿಡಲು ಜಾಗ ಇರುವುದಿಲ್ಲ. ಜುಲೈ–ಆಗಸ್ಟ್‌ನಲ್ಲಿ ಸೆಕೆ, ಸೊಳ್ಳೆ, ಜನ ಮೂರೂ ಜಾಸ್ತಿ. ಫೆಬ್ರವರಿ ಹೊತ್ತಿನ ಕಾರ್ನಿವಲ್ ಮುಖವಾಡಗಳು ನೋಡಲು ಚೆಂದ, ಆದರೆ ಕೈಮಗುವಿನ ಜೊತೆ ಆ ನೂಕುನುಗ್ಗಲು ಬೇಡ.

ದಸರಾ ರಜೆಗೆ ಹೋಗುವವರು ಒಂದು ವಿಷಯ ತಿಳಿದುಕೊಂಡಿರಬೇಕು. ಅಕ್ಟೋಬರ್‌ನಿಂದ ಚಳಿಗಾಲದವರೆಗೆ ಆಗಾಗ ಸಮುದ್ರದ ಭರತ ಜಾಸ್ತಿಯಾಗಿ ಊರೊಳಗೆ ನೀರು ಬರುತ್ತದೆ. ಅಲ್ಲಿನವರು ಇದಕ್ಕೆ ಅಕ್ವಾ ಆಲ್ತಾ ಅನ್ನುತ್ತಾರೆ. 2019ರ ನವೆಂಬರ್ 12ರ ರಾತ್ರಿ ನೀರಿನ ಮಟ್ಟ 187 ಸೆಂಟಿಮೀಟರ್‌ವರೆಗೆ ಏರಿ ಊರಿನ ಬಹುಪಾಲು ಮುಳುಗಿತ್ತು. ಈಗ ಅಷ್ಟು ಹೆದರಬೇಕಿಲ್ಲ. 2020ರ ಅಕ್ಟೋಬರ್‌ನಿಂದ ಮೋಸೆ ಅನ್ನುವ ವ್ಯವಸ್ಥೆ ಕೆಲಸ ಮಾಡುತ್ತಿದೆ. ಸಮುದ್ರದಿಂದ ನೀರು ಒಳಗೆ ಬರುವ ದಾರಿಗಳಲ್ಲಿ ತಳದಲ್ಲಿ ಮಲಗಿರುವ 78 ಹಳದಿ ಬಾಗಿಲುಗಳಿವೆ. ದೊಡ್ಡ ಭರತ ಬರುತ್ತದೆ ಅಂತ ಗೊತ್ತಾದಾಗ ಅವುಗಳಿಗೆ ಗಾಳಿ ತುಂಬಿ ಮೇಲೆತ್ತುತ್ತಾರೆ. ಆದರೂ ಊರಿನ ಮುಖ್ಯ ಬಯಲಾದ ಸಾನ್ ಮಾರ್ಕೊ ಚೌಕ ಊರಿನಲ್ಲೇ ತಗ್ಗಿನ ಜಾಗ, ಸಣ್ಣ ಭರತಕ್ಕೂ ಅಲ್ಲಿ ನೀರು ನಿಲ್ಲುತ್ತದೆ. ಮಕ್ಕಳಿಗೆ ಒಂದು ಜೊತೆ ಗಮ್‌ಬೂಟ್ ಇದ್ದರೆ ಅವರಿಗೆ ಅದೇ ಹಬ್ಬ. ಆ ನೀರು ಕಾಲುವೆಯದ್ದೇ ಅನ್ನುವುದು ನೆನಪಿರಲಿ, ಬರಿಗಾಲಲ್ಲಿ ಬಿಡಬೇಡಿ.

ಇನ್ನೊಂದು ಲೆಕ್ಕ. 2024ರಿಂದ ಏಪ್ರಿಲ್–ಜುಲೈ ನಡುವಿನ ಕೆಲವು ಆಯ್ದ ದಿನಗಳಲ್ಲಿ ಹಗಲು ಬಂದು ಹೋಗುವವರಿಗೆ ಪ್ರವೇಶ ಶುಲ್ಕ ಇಟ್ಟಿದ್ದಾರೆ. 2025ರಲ್ಲಿ ಮುಂಚೆ ಕಟ್ಟಿದರೆ 5 ಯೂರೊ, ಕೊನೆ ಗಳಿಗೆಯಲ್ಲಾದರೆ 10. 14 ವರ್ಷದೊಳಗಿನ ಮಕ್ಕಳಿಗೆ ಇದು ಇಲ್ಲ, ಊರಿನಲ್ಲಿ ರಾತ್ರಿ ಉಳಿಯುವವರಿಗೂ ಇಲ್ಲ. ಆದರೆ ಉಳಿಯುವವರು ಆನ್‌ಲೈನ್‌ನಲ್ಲಿ ಹೆಸರು ಹಾಕಿ ಆ ಕೋಡ್ ಫೋನಿನಲ್ಲಿ ಇಟ್ಟುಕೊಂಡಿರಬೇಕು.

ವೀಸಾ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಇಟಲಿ ಸೇರಿ ಯುರೋಪಿನ ಬಹಳಷ್ಟು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾಕ್ಕೆ ದೊಡ್ಡವರಿಗೆ 90 ಯೂರೊ, 6 ತುಂಬಿ 12 ತುಂಬದ ಮಕ್ಕಳಿಗೆ 45, ಆರು ತುಂಬದವರಿಗೆ ಶುಲ್ಕ ಇಲ್ಲ. ಅರ್ಜಿ ತೆಗೆದುಕೊಳ್ಳುವ ಕಂಪನಿಯ ಸೇವಾ ಶುಲ್ಕ ಬೇರೆ. ಮಗುವಿನ ಜನನ ಪ್ರಮಾಣಪತ್ರ ಬೇಕು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರೇ ಕರೆದುಕೊಂಡು ಹೋಗುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಬೇಕು. ಇದನ್ನು ಕೊನೆಗೆ ಇಟ್ಟುಕೊಂಡು ಒದ್ದಾಡಬೇಡಿ.

ಎಲ್ಲಿ ಉಳಿಯಬೇಕು

ದುಡ್ಡು ಉಳಿಸಲು ತುಂಬಾ ಜನ ಮೆಸ್ತ್ರೆಯಲ್ಲಿ ಉಳಿಯುತ್ತಾರೆ. ಅದು ವೆನಿಸ್ ದ್ವೀಪವನ್ನು ನೆಲಕ್ಕೆ ಜೋಡಿಸುವ ಸೇತುವೆಯ ಈಚೆಗಿನ ಮಾಮೂಲಿ ಊರು, ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷಕ್ಕೆ ವೆನಿಸ್. ದೊಡ್ಡವರಿಗೆ ಪರವಾಗಿಲ್ಲ. ಮಕ್ಕಳಿದ್ದರೆ ಬೇರೆ ಯಾವುದರಲ್ಲಾದರೂ ಕೈ ಬಿಗಿ ಹಿಡಿಯಿರಿ, ಇದರಲ್ಲಿ ಬೇಡ, ದ್ವೀಪದ ಒಳಗೇ ಉಳಿಯಿರಿ. ಯಾಕೆಂದರೆ ಮಧ್ಯಾಹ್ನ ಮಗು ಮಲಗಬೇಕು. ಅದು ಮಲಗಲು ರೂಮಿಗೆ ಹೋಗಬೇಕಾದರೆ ರೂಮು ಹತ್ತಿರದಲ್ಲಿರಬೇಕು, ಅಲ್ವಾ? ಇನ್ನೊಂದು ಕಾರಣವೂ ಇದೆ. ಹಗಲಿನ ಪ್ರವಾಸಿಗರು ಬರುವುದು ಹತ್ತರ ಮೇಲೆ, ಸಂಜೆ ಐದಾರರ ಹೊತ್ತಿಗೆ ಹೊರಟುಬಿಡುತ್ತಾರೆ. ಬೆಳಿಗ್ಗೆ ಏಳರ ಸಾನ್ ಮಾರ್ಕೊ ಚೌಕ ಖಾಲಿ ಬಿದ್ದಿರುತ್ತದೆ, ಮಕ್ಕಳು ಈ ತುದಿಯಿಂದ ಆ ತುದಿಗೆ ಓಡಬಹುದು. ಜೆಟ್‌ಲ್ಯಾಗ್‌ನಲ್ಲಿ ಅವರು ಹೇಗೂ ನಸುಕಿಗೇ ಎದ್ದು ಕೂತಿರುತ್ತಾರೆ, ಅದನ್ನೇ ಲಾಭ ಮಾಡಿಕೊಳ್ಳಿ.

ಊರಿನಲ್ಲಿ ಆರು ಭಾಗಗಳಿವೆ: ಕನ್ನರೇಜೊ, ಕಾಸ್ತೆಲ್ಲೊ, ಸಾನ್ ಮಾರ್ಕೊ, ದೊರ್ಸೊದೂರೊ, ಸಾನ್ ಪೋಲೊ, ಸಾಂತಾ ಕ್ರೋಚೆ. ನನ್ನನ್ನು ಕೇಳಿದರೆ ಮೊದಲ ಆಯ್ಕೆ ಕನ್ನರೇಜೊ. ರೈಲ್ವೆ ಸ್ಟೇಷನ್‌ಗೆ ಹತ್ತಿರ, ಕಾಲುವೆ ಪಕ್ಕದ ದಾರಿಗಳು ಉದ್ದಕ್ಕೆ ನೇರ, ಸೇತುವೆ ಹತ್ತಿ ಇಳಿಯುವುದು ಕಡಿಮೆ, ಗುಲ್ಯೆ ಸೇತುವೆ ಹತ್ತಿರದ ಸಾವೊರ್ನ್ಯಾನ್ ಪಾರ್ಕಿನಲ್ಲಿ ಉಯ್ಯಾಲೆ, ಜಾರುಬಂಡೆ ಇವೆ. ಎರಡನೆಯದು ಕಾಸ್ತೆಲ್ಲೊದ ಪೂರ್ವದ ತುದಿ. ಅಲ್ಲಿ ಗರಿಬಾಲ್ದಿ ರಸ್ತೆ ಅಗಲವಾಗಿದೆ, ಸುತ್ತ ಊರಿನವರದ್ದೇ ಮನೆಗಳು, ಜಾರ್ದೀನಿ ಮತ್ತು ಸಾಂತ್ ಎಲೆನಾ ಅನ್ನುವ ಮರಗಳಿರುವ ಎರಡು ಪಾರ್ಕುಗಳು ಹತ್ತಿರ. ಕಲ್ಲಿನ ಈ ಊರಿನಲ್ಲಿ ಹಸಿರು ಸಿಗುವುದೇ ಅಪರೂಪ. ಸಾನ್ ಮಾರ್ಕೊ ಚೌಕದ ಪಕ್ಕದಲ್ಲೇ ರೂಮು ಮಾಡಬೇಡಿ, ಬಾಡಿಗೆ ಜಾಸ್ತಿ, ಹಾಲು ಬ್ರೆಡ್ಡಿಗೂ ಅಲೆಯಬೇಕು.

ಬುಕ್ ಮಾಡುವ ಮೊದಲು ಮನೆಯವರನ್ನು ಇವಿಷ್ಟು ಕೇಳಿ. ದೋಣಿ ನಿಲ್ದಾಣದಿಂದ ಮನೆ ಬಾಗಿಲಿಗೆ ಎಷ್ಟು ಸೇತುವೆ ದಾಟಬೇಕು? ಎಷ್ಟನೇ ಮಹಡಿ, ಲಿಫ್ಟ್ ಇದೆಯಾ? ಅಡುಗೆಮನೆ, ವಾಷಿಂಗ್ ಮೆಷಿನ್ ಇದೆಯಾ? ಕಾಲುವೆ ಕಡೆ ತೆರೆಯುವ ಕಿಟಕಿ ಎಷ್ಟು ಎತ್ತರದಲ್ಲಿದೆ, ಅದಕ್ಕೆ ಸರಳು ಇದೆಯಾ? ಹಳೆಯ ಮನೆಗಳಲ್ಲಿ ಲಿಫ್ಟ್ ಇರುವುದು ಅಪರೂಪ, ಕಿಟಕಿಗಳಿಗೆ ನಮ್ಮಲ್ಲಿರುವ ಹಾಗೆ ಗ್ರಿಲ್ ಇರುವುದಿಲ್ಲ. ಹತ್ತುವ ವಯಸ್ಸಿನ ಮಗು ಇದ್ದರೆ ಕಿಟಕಿ ಪಕ್ಕ ಕುರ್ಚಿ, ಮಂಚ ಇರಕೂಡದು. ಹೋದ ಕೂಡಲೇ ಸರಿಸಿಬಿಡಿ.

ಸ್ಟ್ರೋಲರ್ ಬೇಕಾ ಬೇಡವಾ

ಎಲ್ಲರೂ ಕೇಳುವುದು ಇದನ್ನೇ. ಊರಿನಲ್ಲಿ 400ಕ್ಕೂ ಜಾಸ್ತಿ ಸೇತುವೆಗಳಿವೆ, ಹೆಚ್ಚು ಕಡಿಮೆ ಎಲ್ಲದಕ್ಕೂ ಮೆಟ್ಟಿಲು. ದೊಡ್ಡ ಚಕ್ರದ ಭಾರದ ಸ್ಟ್ರೋಲರ್ ಒಯ್ದರೆ ಅದನ್ನು ತಳ್ಳುವುದಕ್ಕಿಂತ ಹೊರುವುದೇ ಹೆಚ್ಚಾಗುತ್ತದೆ. ಒಂದು ವರ್ಷದೊಳಗಿನ ಮಗುವಾದರೆ ಬೇಬಿ ಕ್ಯಾರಿಯರ್ ಒಂದೇ ಸಾಕು, ಎದೆಗೆ ಕಟ್ಟಿಕೊಂಡರೆ ಎರಡು ಕೈಯೂ ಬಿಡುವು. ಒಂದೂವರೆಯಿಂದ ನಾಲ್ಕು ವರ್ಷದವರಿಗೆ ಒಂದೇ ಕೈಯಲ್ಲಿ ಮಡಚಿ ಹೆಗಲಿಗೆ ಹಾಕಿಕೊಳ್ಳುವಂಥ ಹಗುರದ ಛತ್ರಿ ಸ್ಟ್ರೋಲರ್ ಒಯ್ಯಿರಿ, ಮಗು ನಿದ್ದೆ ಹೋದಾಗ ಬೇಕಾಗುತ್ತದೆ. ಇಬ್ಬರು ದೊಡ್ಡವರಿದ್ದರೆ ಒಬ್ಬರು ಮುಂದಿನ ಚಕ್ರ, ಒಬ್ಬರು ಹಿಡಿ ಹಿಡಿದು ಮಗುವನ್ನು ಕೂರಿಸಿಯೇ ಸೇತುವೆ ದಾಟಿಸಬಹುದು, ಬೆಲ್ಟ್ ಹಾಕಿರಬೇಕು ಅಷ್ಟೇ. ಅಜ್ಜಿ ತಾತನನ್ನೂ ಕರೆದುಕೊಂಡು ಹೋಗುವವರು ಅವರ ಮಂಡಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಡೆಯುವ ಜಾಗದಲ್ಲಿ ದೋಣಿ ಹತ್ತಿದರೆ ಎಷ್ಟೋ ಮೆಟ್ಟಿಲು ತಪ್ಪುತ್ತದೆ.

ಸೂಟ್‌ಕೇಸ್ ವಿಷಯಕ್ಕೂ ಇದೇ ಮಾತು. ಮಗುವನ್ನು ಎತ್ತಿಕೊಂಡು 23 ಕೆಜಿ ಪೆಟ್ಟಿಗೆ ಸೇತುವೆ ಹತ್ತಿಸುವುದು ಆಗದ ಕೆಲಸ. ಎರಡು ಸಣ್ಣ ಬ್ಯಾಗು, ಒಂದು ಬೆನ್ನಿನ ಚೀಲ, ಸಾಕು.

ವಪೊರೆತ್ತೊ ಹತ್ತುವುದು

ವಪೊರೆತ್ತೊ ಅಂದರೆ ನೀರಿನ ಮೇಲೆ ಓಡುವ ನಮ್ಮ ಸಿಟಿ ಬಸ್ ಅಂತ ಇಟ್ಟುಕೊಳ್ಳಿ. ನಂಬರ್ ಇರುತ್ತದೆ, ನಿಲ್ದಾಣ ಇರುತ್ತದೆ, ರಶ್ ಇರುತ್ತದೆ. ಒಂದು ಟಿಕೆಟ್‌ಗೆ 9.50 ಯೂರೊ, ಅದು 75 ನಿಮಿಷ ನಡೆಯುತ್ತದೆ. 24 ಗಂಟೆಯ ಪಾಸ್ 25 ಯೂರೊ, 48 ಗಂಟೆಗೆ 35, 72 ಗಂಟೆಗೆ 45. ದಿನಕ್ಕೆ ಮೂರು ಸಲ ಹತ್ತಿದರೆ ಪಾಸೇ ಲಾಭ, ಮಕ್ಕಳಿದ್ದರೆ ಮೂರು ಸಲ ಹತ್ತೇ ಹತ್ತುತ್ತೀರಿ. ಆರು ವರ್ಷ ತುಂಬದವರಿಗೆ ಟಿಕೆಟ್ ಇಲ್ಲ. ಆರು ತುಂಬಿದ್ದರೆ ರೋಲಿಂಗ್ ವೆನಿಸ್ ಕಾರ್ಡ್ ಕೇಳಿ, 6ರಿಂದ 29 ವರ್ಷದವರಿಗೆ 72 ಗಂಟೆಯ ಪಾಸ್ ತುಂಬಾ ಕಡಿಮೆಗೆ ಸಿಗುತ್ತದೆ. ಮಗುವಿನ ವಯಸ್ಸು ತೋರಿಸಲು ಪಾಸ್‌ಪೋರ್ಟ್ ಇರಲಿ. ಪಾಸ್ ಇದ್ದರೂ ಪ್ರತಿ ಸಲ ಹತ್ತುವ ಮೊದಲು ಮೆಷಿನ್‌ಗೆ ಮುಟ್ಟಿಸಬೇಕು. ಆ ಬೀಪ್ ಮಾಡಿಸುವ ಕೆಲಸ ಮಕ್ಕಳಿಗೇ ಬಿಡಿ, ಜಗಳ ತಪ್ಪುತ್ತದೆ.

ನಿಲ್ದಾಣ ಅನ್ನುವುದು ನೀರಿನ ಮೇಲೆ ತೇಲುವ ಒಂದು ಕಟ್ಟೆ. ಮೇಲೆ ಮಾಡು, ಸುತ್ತ ಹಳದಿ ಪಟ್ಟಿ. ದೋಣಿ ಹತ್ತಿರ ಬಂದಾಗ ಕಟ್ಟೆಗೆ ಧಡ್ ಅಂತ ತಾಗುತ್ತದೆ, ಕಾಲಡಿ ಎಲ್ಲ ಅಲುಗುತ್ತದೆ. ದೋಣಿಯಲ್ಲಿರುವ ಆಳು ದಪ್ಪ ಹಗ್ಗವನ್ನು ಕಬ್ಬಿಣದ ಗೂಟಕ್ಕೆ ಎರಡು ಸುತ್ತು ಹಾಕಿ ಜಗ್ಗುತ್ತಾನೆ, ಹಗ್ಗ ಕಿರ್ ಅಂತ ಬಿಗಿಯುತ್ತದೆ, ಆಮೇಲೆ ಕಬ್ಬಿಣದ ಗೇಟು ಸರಿಸುತ್ತಾನೆ. ಇಳಿಯುವವರು ಇಳಿದ ಮೇಲೆ ಹತ್ತುವವರು. ಮಕ್ಕಳು ಈ ಹಗ್ಗದ ಕೆಲಸವನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಾರೆ, ಪ್ರತಿ ನಿಲ್ದಾಣದಲ್ಲೂ ಹೊಸದಾಗಿ ನೋಡುತ್ತಾರೆ. ನೀವು ಮಾಡಬೇಕಾದ್ದು ಇಷ್ಟೇ: ಕಟ್ಟೆ ಮೇಲೆ ಕಾಯುವಾಗ ಅಂಚಿನಿಂದ ಹಿಂದಕ್ಕೆ ನಿಲ್ಲಿಸಿ, ಸ್ಟ್ರೋಲರ್ ಇದ್ದರೆ ಮಗುವನ್ನು ಎತ್ತಿಕೊಂಡು ಮಡಚಿ ರೆಡಿ ಇಟ್ಟುಕೊಳ್ಳಿ, ದೋಣಿಗೂ ಕಟ್ಟೆಗೂ ನಡುವಿನ ಸಂದಿ ದಾಟುವಾಗ ಎಷ್ಟೇ ಹಠ ಮಾಡಿದರೂ ಕೈ ಬಿಡಬೇಡಿ.

ಮೊದಲ ದಿನವೇ 1ನೇ ನಂಬರ್ ಹತ್ತಿ. ಊರಿನ ಅಂಚಿನ ಬಸ್ ನಿಲ್ದಾಣವಾದ ಪಿಯಾತ್ಸಾಲೆ ರೋಮಾದಿಂದ ಸಾನ್ ಮಾರ್ಕೊವರೆಗೆ ಇಡೀ ದೊಡ್ಡ ಕಾಲುವೆಯ (ಗ್ರ್ಯಾಂಡ್ ಕೆನಾಲ್) ಉದ್ದಕ್ಕೂ ನಿಧಾನವಾಗಿ, ಬಹುತೇಕ ಎಲ್ಲಾ ಕಡೆ ನಿಂತು ಹೋಗುತ್ತದೆ, ಮುಕ್ಕಾಲು ಗಂಟೆ ಹಿಡಿಯುತ್ತದೆ. ಮೊದಲ ನಿಲ್ದಾಣದಲ್ಲೇ ಹತ್ತಿದರೆ ಕೂರಲು ಜಾಗ ಸಿಗುತ್ತದೆ. ದಾರಿಯಲ್ಲಿ ನಾಲ್ಕು ಸೇತುವೆಗಳ ಕೆಳಗೆ ನುಗ್ಗುತ್ತೀರಿ, 1591ರಲ್ಲಿ ಮುಗಿದ ರಿಯಾಲ್ಟೊ ಸೇತುವೆಯೂ ಅದರಲ್ಲಿ ಒಂದು. ಯಾವ ಬಣ್ಣದ ಯಾವ ಕೆಲಸದ ದೋಣಿ ಕಾಣಿಸಿತು ಅಂತ ಮಕ್ಕಳಿಗೆ ಒಂದು ಚೀಟಿಯಲ್ಲಿ ಗುರುತು ಹಾಕಲು ಹೇಳಿ. ಕಸದ ದೋಣಿ ನೋಡಲು ಬೆಳಿಗ್ಗೆಯೇ ಸರಿ: ಕೈಗಾಡಿಯನ್ನು ಕ್ರೇನ್‌ನಲ್ಲಿ ಮೇಲೆತ್ತಿ ದೋಣಿಯ ಹೊಟ್ಟೆಗೆ ಸುರಿಯುತ್ತಾರೆ, ದೊಡ್ಡವರೂ ನಿಂತು ನೋಡುವ ಹಾಗಿರುತ್ತದೆ.

ನೀರಿನ ಅಂಚು

ಇದನ್ನು ಮಾತ್ರ ಎರಡು ಸಲ ಓದಿ. ಕಾಲುವೆ ಪಕ್ಕದ ಎಷ್ಟೋ ದಾರಿಗಳಿಗೆ ಕಟಕಟೆ ಇಲ್ಲ. ಕಲ್ಲು ಮುಗಿದಲ್ಲಿ ನೀರು ಶುರು. ಮಕ್ಕಳನ್ನು ಯಾವಾಗಲೂ ಗೋಡೆ ಕಡೆ ನಡೆಸಿ, ನೀವು ನೀರಿನ ಕಡೆ ನಡೆಯಿರಿ. ಓಡುವುದು ಚೌಕದಲ್ಲಿ ಮಾತ್ರ, ನೀರಿನ ಪಕ್ಕ ಕೈ ಹಿಡಿದೇ ನಡೆಯಬೇಕು ಅನ್ನುವ ನಿಯಮವನ್ನು ಮನೆಯಲ್ಲೇ ಹೇಳಿ ಒಪ್ಪಿಸಿ. ಓಡುವ ಸ್ವಭಾವದ ಮಗುವಾದರೆ ಬೆನ್ನಿಗೆ ಹಾಕುವ ಬೆಲ್ಟ್ ಒಯ್ಯಿರಿ, ಯಾರಾದರೂ ಏನಾದರೂ ಅಂದುಕೊಳ್ಳಲಿ.

ಕಾಲುವೆಗೆ ಇಳಿಯುವ ಮೆಟ್ಟಿಲುಗಳು ಅಲ್ಲಲ್ಲಿ ಕಾಣಿಸುತ್ತವೆ. ಅವನ್ನು ಹತ್ತಿರ ಹೋಗದೆ ನೋಡಿ. ಮೇಲಿನ ಎರಡು ಮೂರು ಮೆಟ್ಟಿಲು ಬಿಳಿ ಕಲ್ಲು, ಅದರ ಕೆಳಗಿನವು ಹಸಿರು. ಭರತ ಬಂದಾಗ ನೀರು ಅಲ್ಲಿಯವರೆಗೆ ಬರುತ್ತದೆ ಅನ್ನುವುದಕ್ಕೆ ಆ ಪಾಚಿಯೇ ಗುರುತು. ಇಳಿತದ ಹೊತ್ತಿನಲ್ಲಿ ಒಣಗಿದ ಹಾಗೆ ಕಂಡರೂ ಅದು ಜಾರುತ್ತದೆ, ಫೋಟೋಗೆ ಅಂತ ಮಗುವನ್ನು ಅಲ್ಲಿ ನಿಲ್ಲಿಸಲೇಬೇಡಿ. ಕಾಲುವೆಗೆ ಕಾಲು ಇಳಿಬಿಡುವುದು, ಈಜುವುದು ಎರಡಕ್ಕೂ ದಂಡ ಇದೆ.

ಏನೇನು ನೋಡಬಹುದು

ಹಿಂದೆ ವೆನಿಸ್ ಆಳುತ್ತಿದ್ದ ದೋಜೆಗಳ ಅರಮನೆಗೆ ಹೋಗಿ, ಆದರೆ ಎಲ್ಲಾ ಕೋಣೆಯ ಎಲ್ಲಾ ಚಿತ್ರವನ್ನೂ ವಿವರಿಸಲು ಹೋಗಬೇಡಿ. ಮಕ್ಕಳಿಗೆ ಇಷ್ಟವಾಗುವುದು ಎರಡು. ಒಂದು, ಗೋಡೆಯಲ್ಲಿರುವ ಕಲ್ಲಿನ ಬಾಯಿ. ಯಾರ ಮೇಲಾದರೂ ದೂರು ಇದ್ದರೆ ಜನ ಚೀಟಿ ಬರೆದು ಅದರೊಳಗೆ ಹಾಕುತ್ತಿದ್ದರು. ಇನ್ನೊಂದು, ನಿಟ್ಟುಸಿರಿನ ಸೇತುವೆ ದಾಟಿ ಹೋಗುವ ಸೆರೆಮನೆ, ಅದರ ಕುಳ್ಳ ಬಾಗಿಲುಗಳು, ದಪ್ಪ ಸರಳುಗಳು. ಟಿಕೆಟ್ ಮುಂಚೆಯೇ ಆನ್‌ಲೈನ್‌ನಲ್ಲಿ ತೆಗೆಯಿರಿ, ಕ್ಯೂನಲ್ಲಿ ಮಗುವನ್ನು ಸಮಾಧಾನ ಮಾಡುವುದು ಕಷ್ಟ. ಸಾನ್ ಮಾರ್ಕೊ ಚರ್ಚಿಗೂ ಅಷ್ಟೇ. ಅಲ್ಲಿ ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು, ದೊಡ್ಡ ಚೀಲ ಬಿಡುವುದಿಲ್ಲ. ದೊಡ್ಡವರು ಚಿನ್ನದ ಬಣ್ಣದ ಮಾಡು ನೋಡುತ್ತಾರೆ, ಮಕ್ಕಳಿಗೆ ನೆಲ ತೋರಿಸಿ. ಬಣ್ಣ ಬಣ್ಣದ ಕಲ್ಲಿನ ಚೂರು ಜೋಡಿಸಿದ ರಂಗೋಲಿ, ಅಲ್ಲಲ್ಲಿ ಹಕ್ಕಿ ಪ್ರಾಣಿಗಳು, ಶತಮಾನಗಳಿಂದ ಕುಸಿದು ಅಲೆಅಲೆಯಾದ ನೆಲ.

ಎದುರಿನ ಗಂಟೆ ಗೋಪುರಕ್ಕೆ ಲಿಫ್ಟ್ ಇದೆ, ಸುಮಾರು 99 ಮೀಟರ್ ಎತ್ತರ. ಹಳೆಯ ಗೋಪುರ 1902ರ ಜುಲೈ 14ರಂದು ಪೂರ್ತಿ ಕುಸಿದುಬಿತ್ತು, ಜನ ಯಾರೂ ಸಾಯಲಿಲ್ಲ, ಹಾಗೇ ಮತ್ತೆ ಕಟ್ಟಿ 1912ರಲ್ಲಿ ತೆರೆದರು. ಈ ಕಥೆ ಹೇಳಿದರೆ ನಾಲ್ಕೈದು ವರ್ಷದವರು ಕಿವಿ ನೆಟ್ಟಗೆ ಮಾಡುತ್ತಾರೆ. ಮೇಲೆ ಹೋಗುವುದಾದರೆ ಗಂಟೆ ಹೊಡೆಯುವ ಹೊತ್ತು ತಪ್ಪಿಸಿ, ತಲೆ ಮೇಲೆಯೇ ಗಂಟೆಗಳಿರುವುದರಿಂದ ಕೈಮಗು ಬೆಚ್ಚಿಬೀಳುತ್ತದೆ. ಪಾರಿವಾಳಗಳಿಗೆ ಕಾಳು ಹಾಕುವುದು 2008ರಿಂದ ನಿಷೇಧ, ಚೌಕದ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚುವ ಹಾಗೂ ಇಲ್ಲ.

ಮಳೆ ಬಂದ ದಿನಕ್ಕೆ ಪ್ರಕೃತಿ ವಿಜ್ಞಾನ ಮ್ಯೂಸಿಯಂ ಇಟ್ಟುಕೊಳ್ಳಿ. ದೊಡ್ಡ ಕಾಲುವೆಯ ದಡದಲ್ಲೇ ಇದೆ, ಸಾನ್ ಸ್ತಾಯೆ ನಿಲ್ದಾಣದಲ್ಲಿ ಇಳಿಯಬೇಕು, ಸೋಮವಾರ ರಜೆ. ಸಹಾರಾದಿಂದ ತಂದ ಡೈನೊಸಾರ್ ಅಸ್ಥಿಪಂಜರ, ತಿಮಿಂಗಿಲದ ಎಲುಬು, ಒಂದು ಪುಟ್ಟ ಅಕ್ವೇರಿಯಂ. ಪ್ರವಾಸಿಗರು ಇಲ್ಲಿಗೆ ಅಷ್ಟಾಗಿ ಬರುವುದಿಲ್ಲ, ಮಕ್ಕಳು ಆರಾಮಾಗಿ ಓಡಾಡಬಹುದು.

ದೊರ್ಸೊದೂರೊದಲ್ಲಿ ಸಾನ್ ತ್ರೊವಾಜೊ ಅನ್ನುವ ಕಡೆ ಗೊಂಡೊಲಾ ಅನ್ನುವ ಕಪ್ಪು ಹುಟ್ಟುದೋಣಿಗಳನ್ನು ಕಟ್ಟುವ, ರಿಪೇರಿ ಮಾಡುವ ಅಂಗಳ ಇದೆ. ಒಳಗೆ ಬಿಡುವುದಿಲ್ಲ, ಕಾಲುವೆಯ ಈಚೆ ದಡದಿಂದ ಚೆನ್ನಾಗಿ ಕಾಣಿಸುತ್ತದೆ. ದೋಣಿಗಳನ್ನು ಬೋರಲು ಹಾಕಿ ತಳ ಕೆರೆದು ಕಪ್ಪು ಬಣ್ಣ ಹಚ್ಚುತ್ತಾರೆ. ಒಂದು ಗೊಂಡೊಲಾದಲ್ಲಿ ಎಂಟು ಜಾತಿಯ ಮರದ 280 ತುಂಡುಗಳಿರುತ್ತವೆ, ಎಡಭಾಗ ಬಲಕ್ಕಿಂತ 24 ಸೆಂಟಿಮೀಟರ್ ಅಗಲ. ಒಂದೇ ಹುಟ್ಟು ಹಾಕಿದರೂ ದೋಣಿ ಗುಂಡಗೆ ತಿರುಗದೆ ನೇರ ಹೋಗುವುದು ಈ ಸೊಟ್ಟತನದಿಂದಲೇ. ಮಕ್ಕಳಿಗೆ ಇದನ್ನು ಹೇಳಿ ಆಮೇಲೆ ಕಾಲುವೆಯಲ್ಲಿ ಬರುವ ಗೊಂಡೊಲಾ ತೋರಿಸಿ, ಅವರೇ ಸೊಟ್ಟ ಹುಡುಕುತ್ತಾರೆ.

ದುಡ್ಡು ಕೊಡದೆ ನೋಡುವ ಇನ್ನೊಂದು ವಸ್ತು ಬಾವಿ. ಊರಿನ ಬಯಲುಗಳಿಗೆ ಕಾಂಪೊ ಅನ್ನುತ್ತಾರೆ, ಹೆಚ್ಚಿನ ಕಾಂಪೊಗಳ ನಡುವೆ ಕೆತ್ತಿದ ಕಲ್ಲಿನ ಬಾವಿಕಟ್ಟೆ ಇರುತ್ತದೆ, ಬಾಯಿ ಮುಚ್ಚಿರುತ್ತದೆ. ಸುತ್ತ ಉಪ್ಪುನೀರು, ಕುಡಿಯಲು ಹನಿ ಇಲ್ಲ, ಹಾಗಾಗಿ ಮಳೆನೀರನ್ನೇ ಹಿಡಿಯುತ್ತಿದ್ದರು. ಬಾವಿಯ ಸುತ್ತ ನೆಲದಲ್ಲಿ ತೂತಿರುವ ನಾಲ್ಕು ಕಲ್ಲುಗಳನ್ನು ಮಕ್ಕಳಿಗೆ ಹುಡುಕಲು ಹೇಳಿ. ಮಳೆ ನೀರು ಆ ತೂತಿನಿಂದ ಇಳಿದು, ಮರಳಿನಲ್ಲಿ ಸೋಸಿ ಬಾವಿಗೆ ಸೇರುತ್ತಿತ್ತು. 1884ರಲ್ಲಿ ಕೊಳಾಯಿ ನೀರು ಬಂದ ಮೇಲೆ ಇವುಗಳ ಕೆಲಸ ಮುಗಿಯಿತು. ಈಗ ಪಕ್ಕದಲ್ಲೇ ಸದಾ ಹರಿಯುವ ಸಣ್ಣ ನಲ್ಲಿ ಇರುತ್ತದೆ. ಆ ನೀರು ಕುಡಿಯಬಹುದು, ಬಾಟಲಿ ತುಂಬಿಕೊಳ್ಳಿ, ನೀರಿಗೆ ದುಡ್ಡು ಹಾಕಬೇಡಿ.

ಸಂಜೆ ಸಾನ್ ಜಾಕೊಮೊ ದೆಲ್ ಓರಿಯೊ, ಸಾನ್ ಪೋಲೊ, ಸಾಂತಾ ಮಾರ್ಗರೀತಾ, ಇವುಗಳಲ್ಲಿ ಯಾವುದಾದರೂ ಒಂದು ಕಾಂಪೊಗೆ ಹೋಗಿ ಸುಮ್ನೆ ಕೂತುಬಿಡಿ. ಅಲ್ಲಿನ ಮಕ್ಕಳು ಶಾಲೆ ಬಿಟ್ಟು ಬಂದು ಚೆಂಡು ಆಡುತ್ತಿರುತ್ತಾರೆ. ನಿಮ್ಮ ಬ್ಯಾಗಿನಲ್ಲಿ ಒಂದು ಸಣ್ಣ ಚೆಂಡು ಇದ್ದರೆ ಭಾಷೆ ಗೊತ್ತಿಲ್ಲದಿದ್ದರೂ ಆಟ ಶುರುವಾಗುತ್ತದೆ. ನನಗೆ ವೆನಿಸ್‌ನಲ್ಲಿ ತುಂಬಾ ಇಷ್ಟವಾಗುವ ಹೊತ್ತು ಇದೇ.

ಗೊಂಡೊಲಾ ಸವಾರಿ ಬೇಕೇ ಬೇಕು ಅನ್ನುವವರಿಗೆ: ಹಗಲು ಅರ್ಧ ಗಂಟೆಗೆ 90 ಯೂರೊ, ಸಂಜೆ ಏಳರ ಮೇಲೆ 35 ನಿಮಿಷಕ್ಕೆ 110. ಇದು ತಲೆಗಲ್ಲ, ದೋಣಿಗೆ. ಐದು ಜನ ಕೂರಬಹುದು. ದೊಡ್ಡ ಕಾಲುವೆಯ ಬದಲು ಒಳಗಿನ ಸಣ್ಣ ಕಾಲುವೆಯಲ್ಲಿ ಹತ್ತಿದರೆ ಅಲೆ ಕಡಿಮೆ, ಮಗುವಿಗೂ ಹೆದರಿಕೆ ಆಗುವುದಿಲ್ಲ. ಅಷ್ಟು ದುಡ್ಡು ಬೇಡ ಅಂದರೆ ತ್ರಗೆತ್ತೊ ಹತ್ತಿ. ಅದೂ ಗೊಂಡೊಲಾನೇ, ದೊಡ್ಡ ಕಾಲುವೆಯ ಈ ದಡದಿಂದ ಆ ದಡಕ್ಕೆ ದಾಟಿಸುತ್ತದೆ, ತಲೆಗೆ 2 ಯೂರೊ. ಸವಾರಿ ಒಂದೆರಡು ನಿಮಿಷ, ಮೂರು ವರ್ಷದ ಮಗುವಿಗೆ ಅದು ಧಾರಾಳ.

ಸುತ್ತಲಿನ ದ್ವೀಪಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಎಲ್ಲವನ್ನೂ ಒಂದೇ ದಿನ ಮುಗಿಸುವ ಟೂರ್ ದೋಣಿಗಳು ಮಕ್ಕಳಿಗೆ ಆಗಿಬರುವುದಿಲ್ಲ. ನನ್ನ ಮತ ಬುರಾನೊಗೆ. ಫೊಂದಮೆಂತೆ ನೋವೆ ನಿಲ್ದಾಣದಿಂದ 12ನೇ ನಂಬರ್ ವಪೊರೆತ್ತೊ, ಮುಕ್ಕಾಲು ಗಂಟೆ ಹತ್ತಿರ. ಒಂದೊಂದು ಮನೆಗೆ ಒಂದೊಂದು ಕಡು ಬಣ್ಣ, ಮಕ್ಕಳು ತಮ್ಮ ಬಣ್ಣದ ಮನೆ ಆರಿಸಿಕೊಳ್ಳುತ್ತಾರೆ. ಮರದ ಸೇತುವೆ ದಾಟಿದರೆ ಮತ್ಸೊರ್ಬೊ, ಅಲ್ಲಿ ಹುಲ್ಲು ಇದೆ, ಜನ ಕಡಿಮೆ, ಬುತ್ತಿ ಬಿಚ್ಚಬಹುದು. ಮುರಾನೊದಲ್ಲಿ ಗಾಜು ಊದುವುದು ನೋಡಲು ಐದು ವರ್ಷ ದಾಟಿದವರಾದರೆ ಚೆನ್ನ. ಬೆಂಕಿಯ ಭಯಕ್ಕೆ ಗಾಜಿನ ಕೆಲಸದವರನ್ನೆಲ್ಲ 1291ರಲ್ಲಿ ಅಲ್ಲಿಗೆ ಕಳಿಸಿದ್ದರು, ಇವತ್ತಿಗೂ ಕುಲುಮೆ ಅಲ್ಲೇ. ಪುಕ್ಕಟೆ ದೋಣಿಯಲ್ಲಿ ಗಾಜಿನ ಕಾರ್ಖಾನೆ ತೋರಿಸುತ್ತೇವೆ ಅನ್ನುವವರ ಜೊತೆ ಹೋಗಬೇಡಿ, ಕೊನೆಗೆ ನಿಲ್ಲಿಸುವುದು ದುಬಾರಿ ಅಂಗಡಿಯೊಳಗೆ. ಕೈಗೆ ಸಿಕ್ಕಿದ್ದನ್ನೆಲ್ಲ ಮುಟ್ಟುವ ಮಗುವಿನ ಜೊತೆ ಗಾಜಿನ ಅಂಗಡಿ ಬೇಕಾ? ಬೇಸಿಗೆಯಾದರೆ ಲೀಡೊಗೆ ಹೋಗಿ ಮರಳಿನಲ್ಲಿ ಆಡಿಸಿ. ಅಲ್ಲಿ ಕಾರು ಬಸ್ಸು ಓಡುತ್ತವೆ, ದೋಣಿ ಇಳಿದ ಕೂಡಲೇ ಕೈ ಹಿಡಿಯಿರಿ.

ಊಟ

ಅಡುಗೆಮನೆ ಇರುವ ಮನೆ ಹಿಡಿಯಿರಿ ಅಂದದ್ದು ಇದಕ್ಕೇ. ಸೂಪರ್‌ಮಾರ್ಕೆಟ್‌ನಲ್ಲಿ ಅಕ್ಕಿ, ಹಾಲು, ತರಕಾರಿ, ಸಪ್ಪೆ ಮೊಸರು ಎಲ್ಲಾ ಸಿಗುತ್ತದೆ, ರಾತ್ರಿ ಒಂದು ತುತ್ತು ಮೊಸರನ್ನ ಬಿದ್ದರೆ ಮಗು ನೆಮ್ಮದಿಯಾಗಿ ಮಲಗುತ್ತದೆ. ಬೇಳೆ, ಮಸಾಲೆ ಬೇಕಾದರೆ ಮೆಸ್ತ್ರೆಯಲ್ಲಿ ಬಾಂಗ್ಲಾದೇಶದವರ ಅಂಗಡಿಗಳಿವೆ. ಊರಿಂದ ಸಾರಿನಪುಡಿ, ಚಟ್ನಿಪುಡಿ, ಗೊಜ್ಜವಲಕ್ಕಿ, ಚಕ್ಕುಲಿ ಒಯ್ಯಿರಿ. ತುಪ್ಪ, ಹಾಲು, ಪನೀರ್, ಮಾಂಸ ಒಯ್ಯಬೇಡಿ, ಯುರೋಪಿಗೆ ಹೊರಗಿನಿಂದ ತರುವ ಹಾಗಿಲ್ಲ. ಮಗುವಿನ ಹಾಲಿನ ಪುಡಿಗೆ ರಿಯಾಯಿತಿ ಇದೆ.

ಹೊರಗೆ ತಿನ್ನುವಾಗ ಸಸ್ಯಾಹಾರಿಗಳು ಪಿಜ್ಜಾ ಮಾರ್ಗರೀತಾ, ಟೊಮ್ಯಾಟೊ ಪಾಸ್ತಾ, ಆಲೂಗೆಡ್ಡೆಯ ನ್ಯೋಕ್ಕಿ ಕೇಳಿ. ಸೆನ್ಸಾ ಕಾರ್ನೆ, ಸೆನ್ಸಾ ಪೆಷೆ ಅಂದರೆ ಮಾಂಸ ಬೇಡ, ಮೀನು ಬೇಡ. ರಿಸೊತ್ತೊ, ಸೂಪ್ ತರಕಾರಿಯದ್ದೇ ಆದರೂ ಮಾಂಸದ ರಸದಲ್ಲಿ ಮಾಡಿರಬಹುದು, ಕೇಳಿ. ಪಾರ್ಮೆಜಾನ್ ಚೀಸ್‌ನಲ್ಲಿ ಹಾಲು ಗಟ್ಟಿಯಾಗಿಸಲು ಹಾಕುವ, ಕರುವಿನ ಹೊಟ್ಟೆಯ ರೆನೆಟ್ ಇರುತ್ತದೆ, ಕಟ್ಟುನಿಟ್ಟಿನವರು ಉದುರಿಸಬೇಡಿ ಅಂತ ಮೊದಲೇ ಹೇಳಿ. ಮಧ್ಯಾಹ್ನ ಎರಡೂವರೆಗೆ ಎಷ್ಟೋ ಹೋಟೆಲುಗಳ ಅಡುಗೆಮನೆ ಮುಚ್ಚಿದರೆ ಮತ್ತೆ ತೆರೆಯುವುದು ಏಳಕ್ಕೆ. ಬಿಲ್ಲಿನಲ್ಲಿ ತಲೆಗೆ ಇಷ್ಟು ಅಂತ ಕೊಪೆರ್ತೊ ಅನ್ನುವ ಟೇಬಲ್ ಶುಲ್ಕ ಸೇರಿಸುತ್ತಾರೆ, ಅದು ಅಲ್ಲಿನ ಪದ್ಧತಿ.

ದಾರಿ ತಪ್ಪಿದರೆ, ಹುಷಾರು ತಪ್ಪಿದರೆ

ಇಕ್ಕಟ್ಟಿನ ಓಣಿಗಳಲ್ಲಿ ಫೋನಿನ ಮ್ಯಾಪ್ ಪಕ್ಕದ ಓಣಿ ತೋರಿಸುವುದುಂಟು. ಗೋಡೆ ಮೇಲಿನ ಹಳದಿ ಬೋರ್ಡು ನೋಡಿ, ರಿಯಾಲ್ಟೊ, ಸಾನ್ ಮಾರ್ಕೊ, ರೈಲ್ವೆ ಸ್ಟೇಷನ್ ಕಡೆಗೆ ಬಾಣ ಇರುತ್ತದೆ. ಮನೆ ನಂಬರ್‌ಗಳು ಬೀದಿ ಲೆಕ್ಕದಲ್ಲಿ ಇಲ್ಲ, ಇಡೀ ಭಾಗಕ್ಕೆ ಒಂದೇ ಸಾಲಿನಲ್ಲಿ ಸಾವಿರಗಟ್ಟಲೆ ಹೋಗುತ್ತವೆ. ಬರೀ ನಂಬರ್ ಹಿಡಿದು ಹುಡುಕಿದರೆ ಸಿಗುವುದಿಲ್ಲ, ಹತ್ತಿರದ ನಿಲ್ದಾಣ, ಸೇತುವೆಯ ಹೆಸರು ಬರೆದುಕೊಳ್ಳಿ. ಮಗುವಿನ ಕೈಗೆ ನಿಮ್ಮ ಫೋನ್ ನಂಬರ್ ಇರುವ ಪಟ್ಟಿ ಕಟ್ಟಿ, ಕಳೆದುಹೋದರೆ ನಿಂತಲ್ಲೇ ನಿಲ್ಲಬೇಕು, ಬಾವಿಕಟ್ಟೆ ಕಂಡರೆ ಅದರ ಹತ್ತಿರ ನಿಲ್ಲಬೇಕು ಅಂತ ಹೇಳಿಕೊಡಿ.

ಜ್ವರ, ಭೇದಿಗೆ ಹಸಿರು ಕ್ರಾಸ್ ದೀಪ ಇರುವ ಔಷಧಿ ಅಂಗಡಿಗೆ ಹೋಗಿ. ತುರ್ತಾದರೆ 112. ದೊಡ್ಡ ಆಸ್ಪತ್ರೆ ಕಾಸ್ತೆಲ್ಲೊದಲ್ಲಿ ಇದೆ, ಅದರ ಹೆಸರಿನದ್ದೇ ದೋಣಿ ನಿಲ್ದಾಣ ಇದೆ. ವಪೊರೆತ್ತೊದಲ್ಲಿ ಶೌಚಾಲಯ ಇಲ್ಲ, ಬೀದಿಯಲ್ಲಿರುವವು ಕಡಿಮೆ ಮತ್ತು ದುಡ್ಡು ಕೊಡಬೇಕು. ಮ್ಯೂಸಿಯಂ, ಹೋಟೆಲ್‌ನಿಂದ ಹೊರಡುವಾಗ ಬೇಡ ಅಂದರೂ ಒಂದು ಸಲ ಮಕ್ಕಳನ್ನು ಕರೆದುಕೊಂಡು ಹೋಗಿಬನ್ನಿ.

ಬರುವಾಗ, ಹೋಗುವಾಗ

ಬೆಂಗಳೂರಿನಿಂದ ವೆನಿಸ್‌ಗೆ ನೇರ ವಿಮಾನ ಇಲ್ಲ, ಕೊಲ್ಲಿಯ ಅಥವಾ ಯುರೋಪಿನ ಯಾವುದಾದರೂ ಊರಿನಲ್ಲಿ ಬದಲಿಸಬೇಕು. ಮಾರ್ಕೊ ಪೋಲೊ ಏರ್‌ಪೋರ್ಟಿನಿಂದ ದೋಣಿಯಲ್ಲಿ ಬರುವುದು ಚೆಂದ, ಆದರೆ ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತದೆ, ದೋಣಿಕಟ್ಟೆಗೆ ನಡೆಯುವುದೂ ಇದೆ. ರಾತ್ರಿ ನಿದ್ದೆಗೆಟ್ಟ ಮಕ್ಕಳಿದ್ದರೆ ಬಸ್ಸಿನಲ್ಲಿ ಪಿಯಾತ್ಸಾಲೆ ರೋಮಾಕ್ಕೆ ಬನ್ನಿ, ಇಪ್ಪತ್ತು ಇಪ್ಪತ್ತೈದು ನಿಮಿಷ, ಅಲ್ಲಿಂದ ವಪೊರೆತ್ತೊ. ಮಾಮೂಲಿ ಪಾಸಿನಲ್ಲಿ ಏರ್‌ಪೋರ್ಟ್ ಬಸ್ಸು ಸೇರಿಲ್ಲ, ಟಿಕೆಟ್ ಬೇರೆ ತೆಗೆಯಬೇಕು. ಏರ್‌ಪೋರ್ಟ್ ದೋಣಿಯನ್ನು ವಾಪಸ್ ಹೋಗುವ ದಿನಕ್ಕೆ ಇಟ್ಟುಕೊಳ್ಳಿ. ಆಗ ಮಕ್ಕಳಿಗೆ ದೋಣಿ ರೂಢಿಯಾಗಿರುತ್ತದೆ, ವಿಮಾನ ಮಧ್ಯಾಹ್ನದ್ದಾದರೆ ಅವಸರವೂ ಇರುವುದಿಲ್ಲ. ಆದರೆ ದೋಣಿ ತಡವಾಗುವುದುಂಟು, ಮಂಜು ಬಿದ್ದ ದಿನ ಇನ್ನೂ ತಡ. ಚೆಕ್‌ಇನ್‌ಗೆ ಬೇಕಾದ ಹೊತ್ತಿನ ಮೇಲೆ ಇನ್ನೊಂದು ಗಂಟೆ ಕೈಯಲ್ಲಿಟ್ಟುಕೊಂಡೇ ಮನೆ ಬಿಡಿ.